ಅಕ್ಕ ಹೇಳಿದ ಬ್ಲೀಡಿಂಗು

ದವಾಖಾನೆಗೆ ಕರೆದುಕೊಂಡು ಹೋಗು ಎಂದು ಅಕ್ಕ ಕೇಳಿದ ದಿನ ನಾನು ಕರೆದುಕೊಂಡು ಹೋಗಲಿಲ್ಲ. ಗಾಡಿ ಕೆಟ್ಟಿತ್ತು ಎಂದು ಊರಿಗೆಲ್ಲ ಹೇಳಿದ್ದೇನೆ. ಟ್ರ್ಯಾಕ್ಟರ್ ಗ್ಯಾರೇಜು ಇಟ್ಟವನ ಈ ಮಾತನ್ನು ಎಲ್ಲರೂ ನಂಬಿದರು. ನನ್ನ ಕೆಲಸದ ಬಗ್ಗೆ ಜನರಿಗಿರುವ ಅಭಿಪ್ರಾಯ ಅದು.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಬ್ಲೀಡಿಂಗ್ ಎಂಬ ಒಂದು ಇಂಗ್ಲಿಷ್ ಮಾತಿನಲ್ಲಿ ನನ್ನನ್ನು ಸೋಲಿಸುವವರಿಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ ನಿಂತರೆ ನಟ್ಟು ಸಡಿಲಿಸಿ ಗಾಳಿ ಹೊರಗೆ ಬಿಡುವುದು ಬ್ಲೀಡಿಂಗ್. ಬ್ರೇಕಿಗೂ ಅದೇ. ನನ್ನ ಲಗ್ನಪತ್ರಿಕೆ ಮಾಡಿಸಲು ನಿಪ್ಪಾಣಿಗೆ ಹೋದಾಗ, ಬಣ್ಣವನ್ನು ಕಾಗದದ ಅಂಚು ದಾಟಿಸಿ ಅಚ್ಚು ಹಾಕುವುದಕ್ಕೂ ಅದೇ ಹೆಸರು ಎಂದು ಪ್ರೆಸ್ಸಿನವನು ಹೇಳಿದ. ಹೆಂಡತಿಯ ಕೆಂಪು ಸೀರೆ ನನ್ನ ಬಿಳಿ ಅಂಗಿಗೆ ಬಣ್ಣ ಬಿಟ್ಟಾಗ, ಅದೂ ಬ್ಲೀಡಿಂಗ್ ಎಂದು ಕಾಲೇಜು ಕಲಿತ ನಾದಿನಿ ತಿಳಿಸಿದಳು. ಅಂಗಿ ಹೋಯಿತು, ಜ್ಞಾನ ಬಂತು.

ನಮ್ಮ ಕಬ್ಬೂರಿನಲ್ಲಿ ಹೆಂಗಸರು ಮುಟ್ಟಿನ ಸಂಗತಿಯನ್ನು ಗಂಡಸರ ಮುಂದೆ ಕನ್ನಡದಲ್ಲಿ ಆಡುವುದಿಲ್ಲ; ಅದಕ್ಕೂ ಇದೇ ಇಂಗ್ಲಿಷ್ ಮಾತು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದೆ ಇನ್ನೂ ಕಾಯುತ್ತಿದ್ದ ಅಕ್ಕ ಗಂಡನ ಮನೆಯಿಂದ ಒಬ್ಬಳೇ ತವರಿಗೆ ಬಂದಿದ್ದಳು. ಗ್ಯಾರೇಜಿನ ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವುತ್ತ ಹೇಳಿದಳು: “ತಮ್ಮಾ, ಹತ್ತ ದಿನ ಆತು, ಬ್ಲೀಡಿಂಗ್ ನಿಂದರವಲ್ದು. ಚಿಕ್ಕೋಡಿಗಿ ಕರಕೊಂಡ ಹೋಗ್ತೀ ಏನ?”

ಕಬ್ಬು ಹೇರುವ ಟ್ರ್ಯಾಕ್ಟರಿನ ಡ್ರೈವರ್ ಪಕ್ಕದಲ್ಲೇ ಕುಳಿತಿದ್ದ. ನನ್ನ ಕಿವಿ ಬಿಸಿಯಾಯಿತು. “ಅದೆಲ್ಲಾ ನನಗ ತಿಳಿಯೂದಿಲ್ಲ ಬೇ. ಮಾವ ಬಂದಾಗ ಹೇಳ,” ಎಂದು ಎಂಜಿನ್ನಿನೊಳಗೆ ತಲೆ ಹಾಕಿದೆ.

“ಆತು ಬಿಡಪಾ, ನಿನಗ ಭಾಳ ಕೆಲಸ ಅದಾವ,” ಎಂದು ಅಕ್ಕ ಹೋದಳು.

ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಬಿದ್ದಳು. ಜೀವ ಉಳಿಯಿತು, ಗರ್ಭಕೋಶ ತೆಗೆದರು. “ಮೊದಲ ಬಂದಿದ್ರ ಗುಳಿಗಿ, ಇಂಜೆಕ್ಷನ್‌ದಾಗ ಮುಗೀತಿತ್ತೇನೋ,” ಎಂದರು ಡಾಕ್ಟರು. ಅಕ್ಕನ ಕಾಯುವಿಕೆ ಅಲ್ಲಿಗೆ ಮುಗಿಯಿತು.

ಅವಳು ನನ್ನನ್ನು ಬೈಯಲಿಲ್ಲ. ನೋಡಲು ಬಂದವರಿಗೆಲ್ಲ, “ಪಾಪ, ಅವಂಗೇನ ತಿಳಿತೈತಿ, ಸಾಲಿ ಕಲತಾಂವ ಅಲ್ಲ,” ಎಂದಳು. ದಡ್ಡ ಎನ್ನಿಸಿಕೊಳ್ಳುವುದು ಇಷ್ಟು ಆರಾಮದ ಸಂಗತಿ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಎರಡು ತಿಂಗಳು ಅದರೊಳಗೇ ಅಡಗಿ ಕುಳಿತೆ.

ಮೊನ್ನೆ ಅಕ್ಕ ಗಂಡನ ಮನೆಗೆ, ಅಥಣಿಗೆ ಹೊರಟಳು. ಬಸ್ಸು ಬಂತು. ಅವಳು ಕೈ ಚಾಚಿದರೂ ನಾನು ಹಿಡಿದಿದ್ದ ಅವಳ ಚೀಲ ಕೊಡಲಿಲ್ಲ.

“ಅಕ್ಕಾ, ನಾ ದಡ್ಡ ಅಲ್ಲ. ಅವತ್ತ ನನಗ ತಿಳಿದಿತ್ತು. ಡ್ರೈವರನ ಮುಂದ ನಾಚಿಕಿ ಆತು, ಅದಕ್ಕ ತಿಳಿಯೂದಿಲ್ಲ ಅಂದೆ. ನಂದ ತಪ್ಪ. ಮಾಫ ಮಾಡ.”