“ಪಾಸಿಟಿವ್ ಆಗಿರ್ರಿ, ಮೇಡಂ!”

ಯಾದಗಿರಿ, ಶಹಾಪುರ, ಸುರಪುರ ಅಂತ ಹದಿನೈದು ವರ್ಷದಿಂದ ಬಸ್ ಕಂಡಕ್ಟರ್ ಆಗಿ ತಿರುಗುತ್ತಿದ್ದೇನೆ. ಬಸ್ಸಿನಲ್ಲಿ ಚಿಲ್ಲರೆ ಕೊಡುವವರು ಕಡಿಮೆ, ಬುದ್ಧಿ ಕೊಡುವವರಿಗೆ ಬರವಿಲ್ಲ. ಈಗಂತೂ ಎಲ್ಲರ ಬಾಯಲ್ಲೂ ಒಂದೇ ಮಾತು: “ಪಾಸಿಟಿವ್ ಆಗಿರ್ರಿ, ಮೇಡಂ.” ಕೇಳಿದರೆ ಮೈ ಉರಿಯುತ್ತದೆ. ಆದರೂ ಇಂಥ ಪ್ರಸಂಗಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಚಿಲಕ

ಡಿಪೋದಲ್ಲಿ ನಾವು ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಮೂರು ಸಲ ಅರ್ಜಿ ಕೊಟ್ಟೆವು. ನಾಲ್ಕನೇ ಸಲ ನಾನೇ ಡಿಪೋ ಮ್ಯಾನೇಜರ್ ಸಾಹೇಬರ ಮುಂದೆ ಹೋಗಿ ನಿಂತೆ.

“ನೀವು ಬರೀ ನೆಗೆಟಿವ್ ನೋಡ್ತೀರಿ,” ಎಂದರು. “ಚಿಲಕ ಇಲ್ಲ, ಚಿಲಕ ಇಲ್ಲ ಅಂತೀರಿ. ಬಾಗಿಲ ಅದ ಅಲ್ಲ, ಅದನ್ನ ನೋಡ್ರಿ!”

ಮರುದಿನ ಅವರು ಬರುವ ಮೊದಲೇ ಸ್ಕ್ರೂ ಡ್ರೈವರ್ ತಂದು, ಅವರ ಶೌಚಾಲಯದ ಚಿಲಕ ಬಿಚ್ಚಿ ನಮ್ಮ ಬಾಗಿಲಿಗೆ ಹಾಕಿದೆ. ಹತ್ತೂವರೆಗೆ ಶೌಚಾಲಯದ ಒಳಗಿನಿಂದ ಸಾಹೇಬರ ಕೂಗು: “ಯಾರ್ರೀ ಅಲ್ಲಿ? ಇಲ್ಲಿದ್ದ ಚಿಲಕ ಎಲ್ಲಿ ಹೋತು?”

ಹೊರಗಿನಿಂದ ಅಂದೆ: “ಬಾಗಿಲ ಅದ ಅಲ್ರಿ, ಸರ!”

ಅಪ್ಪ

ಆಗ ನನಗೆ ಸಗರ–ಶಹಾಪುರ ಗಾಡಿಯ ಡ್ಯೂಟಿ. ಸಗರದ ಒಬ್ಬ ಹುಡುಗಿ ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ, ಮತ್ತೆ ಪರೀಕ್ಷೆ ಬರೆಯಲು ಹೊರಟಿದ್ದಳು. ಪಕ್ಕದಲ್ಲಿ ಅವಳಪ್ಪ. ದಾರಿಯುದ್ದಕ್ಕೂ ಅವನದು ಒಂದೇ ರಾಗ.

“ನಿನಗ ಗಣಿತ ತಲಿಗಿ ಹತ್ತಂಗಿಲ್ಲ. ನಮ್ಮ ಮನಿತನದಾಗ ಯಾರಿಗೂ ಹತ್ತಿಲ್ಲ. ಈ ಸಲನೂ ಫೇಲೇ.”

ಹುಡುಗಿಯ ಕಣ್ಣೀರು ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಯಣ್ಣಾ, ಪರೀಕ್ಷಾ ಬರಿಯೂಕಿಂತ ಮೊದ್ಲ ರಿಜಲ್ಟ್ ಹೇಳಾಕ ನೀವ್ಯಾರ್ರಿ? ಏಳ್ರಿ, ಹಿಂದ ಹೋಗಿ ಕುಂದರ್ರಿ!”

ಅವನನ್ನು ಕೊನೆಯ ಸೀಟಿಗೆ ಕಳಿಸಿ ಆ ಜಾಗದಲ್ಲಿ ನಾನು ಕೂತೆ. “ತಂಗಿ, ನಿನಗ ಬರಲಾರದ್ದು ಬಿಡು. ಬರೋದು ಯಾವುದು, ಅದನ್ನ ಹೇಳು,” ಎಂದೆ. ಕಣ್ಣೊರೆಸಿಕೊಂಡು ಬೆರಳು ಮಡಚಿದಳು. ಏನೂ ಬರುವುದಿಲ್ಲ ಎನ್ನುತ್ತಿದ್ದವಳಿಗೆ ಏಳು ಪಾಠ ಬರುತ್ತಿದ್ದವು!

ಫಲಿತಾಂಶ ಬಂದ ಮೇಲೆ ಅದೇ ಅಪ್ಪ ಮಗಳ ಜೊತೆ ಪೇಡೆ ಡಬ್ಬಿ ಹಿಡಿದು ಬಸ್ ಹತ್ತಿದ. “ಪಾಸಾದಳ್ರಿ! ನಾ ಮೊದ್ಲ ಹೇಳಿದ್ದಿಲ್ಲೇನು?”

ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಗಳು ಕಿವಿಯ ಹತ್ತಿರ ಬಂದು ಅಂದಳು: “ಇರ್ಲಿ ಬಿಡ್ರಿ ಅಕ್ಕಾ. ಈ ಸಲ ನಮ್ಮಪ್ಪನೂ ಪಾಸಾಗ್ಯಾನ.”

ಐದು ಚಲೋ ಮಾತು

ನಮ್ಮ ಡ್ರೈವರನ್ನು ಎಲ್ಲರೂ ಚಾಚಾ ಅನ್ನುತ್ತೇವೆ. ಬಂಗಾರದಂಥ ಮನುಷ್ಯ. ಆದರೆ ಬೆಳಗಾದರೆ ಸಾಕು, “ಇವತ್ತ ಏನೋ ಆಗ್ತದ” ಎಂದು ಎದೆ ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ಬಿಪಿ ಏರಿ ಎರಡು ವಾರ ಮಲಗಿಬಿಟ್ಟರು. ಡಾಕ್ಟರು, “ಹೆದರಿಕಿ ವಿಚಾರ ಬಿಡ್ರಿ. ದಿನಾ ಗಾಡಿ ಬಿಡೋ ಮೊದ್ಲ ಐದು ಚಲೋ ಮಾತು ಗಟ್ಟಿಯಾಗಿ ಅನ್ರಿ,” ಎಂದು ಹೇಳಿ ಕಳಿಸಿದರು.

ಅವರು ಕೆಲಸಕ್ಕೆ ತಿರುಗಿ ಬಂದ ದಿನ ಶಹಾಪುರ ಸ್ಟ್ಯಾಂಡಿನಲ್ಲಿ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಚಾಚಾ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಇಡೀ ಗಾಡಿಗೆ ಕೇಳುವಂತೆ ಶುರು ಮಾಡಿದರು.

“ಇವತ್ತ ಬ್ರೇಕ್ ಫೇಲ್ ಆಗಂಗಿಲ್ಲ!”

ಜನ ಕತ್ತು ಎತ್ತಿ ಮುಂದೆ ನೋಡಿದರು.

“ಗಾಡಿ ಪಲ್ಟಿ ಹೊಡಿಯಂಗಿಲ್ಲ!”

ಒಬ್ಬ ಮೆಲ್ಲಗೆ ಚೀಲ ಎತ್ತಿಕೊಂಡ.

“ಇಂಜಿನ್ನಿಗಿ ಬೆಂಕಿ ಹತ್ತಂಗಿಲ್ಲ!”

“ಯವ್ವಾ, ನಾ ನಾಳಿ ಹೋಗ್ತೀನಿ,” ಎನ್ನುತ್ತಾ ಒಬ್ಬ ಮುದುಕಿ ಎಲ್ಲರಿಗಿಂತ ಮುಂದೆ ಬಾಗಿಲಿಗೆ ಬಂದಳು.

“ನನಗ ತಲಿ ಚಕ್ಕರ್ ಬರಂಗಿಲ್ಲ! ಯಾರೂ ಸಾಯಂಗಿಲ್ಲ!”

ಬಾಗಿಲಲ್ಲಿ ನೂಕುನುಗ್ಗಲು. “ಇಳಿಬ್ಯಾಡ್ರಿ! ಡಾಕ್ಟರ್ ಹಂಗ ಅನ್ನಾಕ ಹೇಳ್ಯಾರ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅದನ್ನು ಕೇಳಿ ಉಳಿದವರೂ ಇಳಿದರು.

ಚಾಚಾ ಕಣ್ಣು ತೆರೆದು ಹಿಂದೆ ತಿರುಗಿದರು. ಖಾಲಿ ಬಸ್ಸು, ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ ನಾನೊಬ್ಬಳು. ಅವರ ಮುಖ ಅರಳಿತು.

“ದೇಖ್ ಬೇಟಿ! ಚಲೋ ವಿಚಾರ ಮಾಡಿದ ಮೊದಲ ದಿನಾನ ರಶ್ ಹೆಂಗ ಕಮ್ಮಿ ಆತು!”