ಮಾವನ ಹೊಟ್ಟೆಯ ಹಮಾಲರು

ನಮ್ಮ ಸೋದರಮಾವನ ಹೊಟ್ಟೆಯಲ್ಲಿ ಹಮಾಲರಿದ್ದಾರೆ. ನಗಬೇಡಿ, ಲಿಂಗಸುಗೂರಿನ ಡಾಕ್ಟರೇ ಹುಡುಕಿಕೊಟ್ಟದ್ದು! ಮಾವನಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಅವರು ಹೇಳಿದ್ದು ಇಷ್ಟೇ: ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ದಣಿದಿವೆ, ಊಟ ಕಡಿಮೆ ಮಾಡಿ ಮೈ ಇಳಿಸಿದರೆ ಚೇತರಿಸಿಕೊಂಡಾವು. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲರ ಮೇಲೆ ಕೂಗಾಡಿಯೇ ತಲೆ ಹಣ್ಣಾದ ಮಾವನಿಗೆ ಇದು ತಕ್ಷಣ ಅರ್ಥವಾಯಿತು.

"ಚೀಲ ಹೆಚ್ಚಾಗಿ ಹಮಾಲ್ರು ಕುಂತುಬಿಟ್ಟಾರ. ಚೀಲ ಕಡಿಮಿ ಮಾಡಿದ್ರ ಎದ್ದು ನಿಂದರ್ತಾರ," ಎಂದು ವಾಪಸ್ ಬರುವಾಗ ಬಸ್ಸಿನಲ್ಲಿ ನನಗೇ ಪಾಠ ಹೇಳಿದ.

ನಾಲ್ಕು ರೊಟ್ಟಿಯ ಆಸಾಮಿ ಒಂದಕ್ಕೆ ಇಳಿದ. ಮಸ್ಕಿಯ ಮದುವೆಯಲ್ಲಿ ಬೀಗರು ಹೋಳಿಗೆ ಹಿಡಿದು ಬೆನ್ನು ಹತ್ತಿದಾಗ, ನಮ್ಮ ಹಮಾಲರಿಗೆ ಇವತ್ತು ಸೂಟಿ ಎಂದು ಕೈಮುಗಿದ. ಪುಣ್ಯಾತ್ಮರು, ಪಾಪ, ರಜೆಯಲ್ಲಿರುವ ಹಮಾಲರಿಗೂ ಇರಲಿ ಎಂದು ಒಂದು ಬುಟ್ಟಿ ಹೋಳಿಗೆ ಕಟ್ಟಿಕೊಟ್ಟರು! ತುಪ್ಪದ ವಾಸನೆ ತೊಡೆಯ ಮೇಲಿಟ್ಟುಕೊಂಡು ಮಾವ ಸಿಂಧನೂರಿನ ತನಕ ಕಿಟಕಿಯಾಚೆಯೇ ನೋಡುತ್ತಿದ್ದ.

ಆದರೆ ಇದೆಲ್ಲ ಅತ್ತೆಗೆ ಗೊತ್ತಾಗಬಾರದು. ಆಕೆಯ ಸಕ್ಕರೆ ಹಳೆಯದು, ಕಣ್ಣು ಪೂರಾ ಮಂಜು. ದಿನವೂ ಮಾವನೇ ಇನ್ಸುಲಿನ್ ಸೂಜಿ ಹಾಕಬೇಕು. ಅವನ ಕಣ್ಣೂ ಹೋದರೆ ಹಾಕುವವರು ಯಾರು? ಸೂಜಿ ಬಿದ್ದ ಮೇಲೆ ಆಕೆ ಹೊಟ್ಟೆತುಂಬ ಉಣ್ಣಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಬಿದ್ದೇಬಿಡುತ್ತಾಳೆ. ಗಂಡ ಅರೆಹೊಟ್ಟೆ ಉಂಡದ್ದು ಗೊತ್ತಾದರೆ ಆಕೆ ತುತ್ತು ಎತ್ತುವವಳಲ್ಲ. ಅದಕ್ಕೇ ಮಾವ ಒಂದು ಉಪಾಯ ಹೂಡಿದ. ಒಂದೇ ಕಡಕ್ ರೊಟ್ಟಿಯನ್ನು ಪಟಪಟ ಮುರಿದು ನಾಲ್ಕರ ಸಪ್ಪಳ ಎಬ್ಬಿಸುವುದು, ಮೇಲೆ ಒಂದು ಸುಳ್ಳು ತೇಗು. ಎಂಥ ನಟ!

ಮೊನ್ನೆ ಡಾಕ್ಟರು, ಸಕ್ಕರೆ ಹತೋಟಿಗೆ ಬಂದಿದೆ, ಸದ್ಯಕ್ಕೆ ನಿಮಗೆ ಸೂಜಿ ಬೇಡ ಎಂದರು. ಅಂದು ನಾನೂ ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಖುಷಿಯಲ್ಲಿ ಮಾವ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಮುರಿದ. ಅತ್ತೆ ತನ್ನ ಪಾಲಿನದನ್ನು ಕೊನೆಯ ಚೂರಿನವರೆಗೂ ತಿಂದು, ತಡವಿ ಅವನ ಮಣಿಕಟ್ಟು ಹಿಡಿದಳು.

"ಸಾಕು ಬಿಡ್ರಿ ಆ ಸಪ್ಪಳ. ದಿನಾ ಸೂಜಿ ಹಾಕುವಾಗ ನಿಮ್ಮ ಕೈ ತೆಳ್ಳಗಾಗಿದ್ದು ನನಗ ತಿಳಿಯಂಗಿಲ್ಲೇನು? ನಾ ಉಣದಿದ್ರ ನೀವು ಅಂಜತೀರಂತ ನಾನೂ ಸುಮ್ನ ಹೊಟ್ಟಿ ತುಂಬ ಉಂಡೆ."

ಮಾವ ಕೈಯಲ್ಲಿದ್ದ ಚೂರನ್ನು ಸಾರಿನಲ್ಲಿ ನೆನೆಸಿ, ಸಪ್ಪಳವಿಲ್ಲದೆ ತಿಂದ.