ಆಸಿಡ್ ಡಬ್ಬಿಗೆ ಇರುವೆ ಸಾಲು

ಕೇಳ್ರಪ್ಪಾ, ಆ ಶನಿವಾರ ಬೆಳಿಗ್ಗೆ ನಮ್ಮ ಸಿದ್ದೇಶ್ ಮೇಷ್ಟ್ರು ಕನ್ನಡಿ ಮುಂದೆ ನಿಂತು ಘೋಷಣೆ ಮಾಡಿಬಿಟ್ರು. "ವಿಜ್ಞಾನ ಪುಸ್ತಕದಾಗಿಲ್ಲ ಕಣೆ, ಬಯಲಾಗೈತೆ! ಇವತ್ತು ಆರನೇ ಕ್ಲಾಸಿಗೆ ಹೊರಸಂಚಾರ. ನಮ್ಮ ಸೊಕ್ಕೆ ಊರಿನ ಸುತ್ತ ಹತ್ತೂರಾಗೆ ಇಂಥ ಪಾಠ ಯಾವನೂ ಮಾಡಿರಾಕಿಲ್ಲ!"

ಹೆಂಡ್ತಿ ಲಕ್ಷ್ಮೀದೇವಿ ರೊಟ್ಟಿ ತಟ್ಟೋದು ನಿಲ್ಲಿಸ್ಲಿಲ್ಲ. "ಅದಿರ್ಲಿ. ಸಿಹಿ ಬಿಟ್ಟು ಮೂರು ತಿಂಗಳಾತು ಅಂತೀರಿ. ಶುಗರ್ ಯಾಕೆ ಇಳಿತಿಲ್ಲ?"

"ಅದಕ್ಕೂ ಟೈಮ್ ಬೇಕಲ್ಲೇ!"

"ಹೂಂ. ನಾಳೆ ಹೊನ್ನಾಳಿಯಾಗೆ ಮದ್ವೆ. ನೀವು ಕದ್ದು ತಿಂದಿಲ್ಲ ಅಂದ್ರೆ ಎರಡು ಹೋಳಿಗೆ, ಮ್ಯಾಲೆ ತುಪ್ಪ. ತಿಂದಿದ್ದು ಗೊತ್ತಾತೋ, ಬರೀ ಅನ್ನ, ತಿಳಿಸಾರು!"

ಆಕೆ ಕಣ್ಣು ಮೆಲ್ಲಗೆ ಜಗುಲಿ ಗೂಡಿನಾಗಿದ್ದ ಡಬ್ಬಿ ಕಡೆ ಹೋತು. ಅದರ ಮ್ಯಾಲೆ ಮೇಷ್ಟ್ರೇ ಕೆಂಪಗೆ ಬರೆದಿದ್ರು: 'ಆಸಿಡ್! ಅಪಾಯ! ಮುಟ್ಟಬೇಡಿ!' ಕೆಳಗೊಂದು ತಲೆಬುರುಡೆ.

"ಅದನ್ನ ದಿನಾ ಸಂಜೆ ಯಾಕೆ ತಗೀತೀರಿ?"

"ಪ್ರಯೋಗ ಕಣೆ!"

"ಪ್ರಯೋಗ ಆದ ಮ್ಯಾಲೆ ಮೀಸೆ ಯಾಕೆ ಒರೆಸ್ಕೋತೀರಿ?"

ಮೇಷ್ಟ್ರು ಬ್ಯಾಗ್ ತಗೊಂಡು ಹೊಂಟೇಬಿಟ್ರು.

ಬಸ್ ಸಿಗ್ಲಿಲ್ಲ. ಹಂಗಾಗಿ ಆ ಮಹಾ ಹೊರಸಂಚಾರ ಇಸ್ಕೂಲ್ ಹಿಂದಿನ ಬೇವಿನ ಮರಕ್ಕೇ ಬಂದು ನಿಂತ್ಕೊಂತು. ಮರದ ಬುಡದಾಗೆ ಕೆಂಪಿರುವೆ ಸಾಲು. ಮೇಷ್ಟ್ರು ಎಲ್ಲರ ಕೈಗೂ ಸೀಮೆಸುಣ್ಣ ಕೊಟ್ರು. "ಇರುವೆ ಹೋದಲ್ಲೆಲ್ಲ ಬಾಣ ಹಾಕ್ರಿ! ಜಾಡು ಬಿಡಬ್ಯಾಡ್ರಿ! ಯಾರ ಮಾತೂ ನಂಬಬ್ಯಾಡ್ರಿ, ನನ್ ಮಾತೂ ನಂಬಬ್ಯಾಡ್ರಿ! ಅನುಮಾನ ಪಡದೋನು ವಿಜ್ಞಾನಿನೇ ಅಲ್ಲ!"

ಮಕ್ಕಳು ಕುಣಿದಾಡಿಬಿಟ್ವು. ಇರುವೆ ಸಾಲು ಕಾಂಪೌಂಡ್ ಗೋಡೆ ಹತ್ತಿತು, ಬಾಣನೂ ಹತ್ತಿತು. ಗೋಡೆ ಆಚೆ ಇಳೀತು. ಆಚೆ ಯಾರ ಮನೆ? ಮೇಷ್ಟ್ರದೇ!

ಮೇಷ್ಟ್ರು ಓಡಿ ಬಂದು ಗೋಡೆಗೆ ಅಡ್ಡ ನಿಂತ್ರು. "ಏ, ಆ ಕಡೆ ಬ್ಯಾಡ! ಇಲ್ಲಿ ಕರಿ ಇರುವೆ ಅದಾವೆ ನೋಡ್ರಿ, ಭಾಳ ಶ್ಯಾಣ್ಯಾ ಇರುವೆ!"

ಮುಂದಿನ ಬೆಂಚಿನ ರಕ್ಷಾ ಸೊಂಟದ ಮ್ಯಾಲೆ ಕೈ ಇಟ್ಲು. "ನಿಮ್ ಮಾತೂ ನಂಬಬ್ಯಾಡ್ರಿ ಅಂದ್ರಲ್ಲ ಸಾರ್!"

ಮೂವತ್ತು ಮಕ್ಕಳು ಗೇಟ್ ಸುತ್ತಾಕ್ಕೊಂಡು ಓಡಿ, ಮತ್ತೆ ಜಾಡು ಹಿಡಿದ್ವು. ಅಂಗಳ, ಮೆಟ್ಟಿಲು, ಜಗುಲಿ. ಕೊನೇ ಬಾಣ ನೆಟ್ಟಗೆ ಗೂಡಿಗೆ! ಲಕ್ಷ್ಮೀದೇವಿ ಹಿಟ್ಟಿನ ಕೈಯಾಗೇ ಬಾಗ್ಲಿಗೆ ಬಂದ್ಲು.

"ಸಾರ್, ಇರುವೆ ಆಸಿಡ್ ಕುಡಿತಾವಾ?" ಅಂದ್ಲು ರಕ್ಷಾ.

"ಹೇಳ್ರಿ ಸಾರ್," ಅಂದ್ಲು ಲಕ್ಷ್ಮೀದೇವಿ. "ಕುಡಿತಾವಾ?"

"ಮುಟ್ಟಬ್ಯಾಡ್ರಿ, ಸುಡ್ತೈತೆ!" ಅಂತ ಮೇಷ್ಟ್ರು ಹಾರಿದ್ರು. ಅಷ್ಟ್ರಾಗೆ ಮುಚ್ಚಳ ಲಕ್ಷ್ಮೀದೇವಿ ಕೈಯಾಗಿತ್ತು. ಒಳಗೆ ಏನು? ಬೆಲ್ಲದ ಶೇಂಗಾ ಉಂಡೆ! ಘಮಘಮ!

ಮೇಷ್ಟ್ರು ಕೊನೇ ಬಾಣ ಬಿಟ್ರು. "ಅದು... ಇವತ್ತಿನ ಪಾಠಕ್ಕೆ ಕಣೆ! ಇರುವೆ ಬರಲಿ ಅಂತ ನಾನೇ ಇಟ್ಟಿದ್ದು!"

ಲಕ್ಷ್ಮೀದೇವಿ ಒಂದು ಕ್ಷಣ ನಂಬಿದಂಗೇ ಕಂಡ್ಲು. ಹೋಳಿಗೆ ಉಳೀತು ಅಂತ ಮೇಷ್ಟ್ರು ಉಸಿರು ಬಿಡಾಕೆ ಹೋದ್ರು. ರಕ್ಷಾ ಮಾತ್ರ ಪಾಠಕ್ಕೆ ತಂದಿದ್ದ ಭೂತಗನ್ನಡಿ ಹಿಡ್ಕೊಂಡು ಒಂದು ಉಂಡೆನ ತಿರುಗಿಸಿ ತಿರುಗಿಸಿ ನೋಡ್ತಿದ್ಲು.

"ಅಕ್ಕಾ, ಇದನ್ನ ಯಾರೋ ಅರ್ಧ ಕಚ್ಚ್ಯಾರೆ. ಇರುವೆಗೆ ಇಷ್ಟು ದೊಡ್ಡ ಹಲ್ಲಿರಲ್ಲ!"

ಉಂಡೆ ಎಲ್ಲಾ ಮಕ್ಕಳ ಪಾಲಾತು. ಮಾರನೇ ದಿನ ಹೊನ್ನಾಳಿ ಪಂಕ್ತಿಯಾಗೆ ಹೋಳಿಗೆ ಬುಟ್ಟಿ ಬಂತು. "ಇವ್ರಿಗೆ ಬ್ಯಾಡಪ್ಪಾ, ಮುಂದಕ್ಕೆ ಹೋಗು," ಅಂದ್ಲು ಲಕ್ಷ್ಮೀದೇವಿ. ಮೇಷ್ಟ್ರು ಪಕ್ಕದೆಲೆ ತುಪ್ಪ ನೋಡ್ಕೊಂತಾನೇ ತಿಳಿಸಾರು ಉಂಡ್ರು.

ಮುಂದಿನ ಶನಿವಾರ ಕ್ಲಾಸಿಗೆ ಬಂದೋರೇ ತಲೆ ಎತ್ತದೆ ಅಂದ್ರು, "ಹೊರಸಂಚಾರ ಇಲ್ಲ. ಪುಸ್ತಕ ತಗೀರಿ."

ಒಬ್ರೂ ಪುಸ್ತಕ ತಗೀಲಿಲ್ಲ. ಒಬ್ರ ಮುಖ ಒಬ್ರು ನೋಡ್ಕೊಂಡ್ರು. ರಕ್ಷಾ ಮೆಲ್ಲಗೆ ಎದ್ದು, ಮೇಜಿನ ಮ್ಯಾಲಿನ ಸೀಮೆಸುಣ್ಣದ ಡಬ್ಬಿ ತಗೊಂಡ್ಲು.

"ನಡೀರ್ರೋ! ಹೊರಸಂಚಾರ ಬ್ಯಾಡ ಅಂದ್ರೆ ಸಾರ್ ಮನ್ಯಾಗೆ ಮತ್ತೇನೋ ಐತೆ!"